ಮಿಸ್ಡ್ ಕಾಲ್ ಕೊಡುವ ಸಮುದ್ರ

ಜೇಬಿನಲ್ಲಿ ಮೊಬೈಲು ಒಂದೇ ಒಂದು ಸಲ ಗುರ್ ಎಂದು ಸುಮ್ಮನಾದರೆ ಬೇರೆಯವರಿಗೆ ಸಿಟ್ಟು ಬರುತ್ತದೆ. ಯಾವನೋ ಜಿಪುಣ ಮಿಸ್ಡ್ ಕಾಲ್ ಕೊಟ್ಟ ಎಂದು ಗೊಣಗುತ್ತಾರೆ. ನನಗೆ ಮಾತ್ರ ಆ ಒಂದು ಗುರ್ ಕೇಳಿದರೆ ಬಿಸಿಲಲ್ಲಿ ನಡೆದು ಬಂದವನ ಕೈಗೆ ಯಾರೋ ಮಜ್ಜಿಗೆ ಲೋಟ ಕೊಟ್ಟಂತಾಗುತ್ತದೆ. ಈಗಷ್ಟೇ, ಇದನ್ನು ಬರೆಯಲು ಕೂತಾಗಲೂ ಒಂದು ಫೋನು ಮಾಡಿದೆ, ತಿರುಗಿ ಒಂದು ಗುರ್ ಬಂತು. ಎದ್ದು ಪಡಸಾಲೆಗೆ ಹೋಗಿ ನೋಡಿದೆ. ಎಲ್ಲ ಸರಿ ಇತ್ತು. ಸರಿ ಇರುತ್ತದೆ ಎಂದು ಗೊತ್ತಿದ್ದೇ ಹೋದೆ. ನನ್ನ ಕಾಲುಗಳಿಗೆ ಅಷ್ಟು ನಂಬಿಕೆ ಇಲ್ಲ. ತಿರುಗಿ ಬಂದರೆ ಪೆನ್ನು ಎಲ್ಲಿಟ್ಟೆ ಎಂಬುದು ಮರೆತಿತ್ತು. ನಾಲ್ಕನೇ ಇಯತ್ತೆಗೇ ಶಾಲೆ ಬಿಟ್ಟವನು ಪೆನ್ನು ಹುಡುಕಿ ತಂದು ಮತ್ತೆ ಕೂತದ್ದೇ ದೊಡ್ಡದು ಎಂದುಕೊಂಡು ಮುಂದೆ ಓದಿ.

ನನಗೆ ಮಿಸ್ಡ್ ಕಾಲ್ ಕೊಡುವುದು ಒಂದು ಸಮುದ್ರ. ನಗಬೇಡಿ. ಹೊಸಪೇಟೆಯ ನಮ್ಮ ಮನೆಯ ಪಡಸಾಲೆಯಲ್ಲಿ, ಮುಂಬಾಗಿಲ ಎದುರಿಗೇ, ಒಂದು ಸಮುದ್ರ ಇದೆ. ಒಬ್ಬ ಮನುಷ್ಯ ಕಾಲು ಚಾಚಿ ಮಲಗುವಷ್ಟು ಉದ್ದದ ಗಾಜಿನ ತೊಟ್ಟಿ. ಅದರೊಳಗೆ ಉಪ್ಪುನೀರು, ಕಲ್ಲು, ಕಲ್ಲಿಗೆ ಅಂಟಿಕೊಂಡು ತೊನೆಯುವ ಹವಳದ ಜೀವಗಳು, ಕಿತ್ತಳೆ ಮೈಗೆ ಬಿಳಿ ಪಟ್ಟೆ ಬಳಿದುಕೊಂಡ ಒಂದು ಜೋಡಿ ಮೀನು. ನನ್ನ ಹೆಂಡತಿ ಗೌರಮ್ಮನಿಗೆ ಮೀನು ತಿನ್ನುವುದಿರಲಿ, ಮೀನಿನ ಅಂಗಡಿ ಮುಂದೆ ಹಾಯುವಾಗಲೇ ಸೆರಗು ಮೂಗಿಗೆ ಬರುತ್ತದೆ. ಲಿಂಗಪೂಜೆಗೆ ಕೂರುವಾಗ ಇವತ್ತಿಗೂ ತೊಟ್ಟಿಗೆ ಪರದೆ ಎಳೆಯುತ್ತಾಳೆ. ತಾನು ಮೀನಿಗೆ ಕಾಣಬಾರದೋ, ಮೀನು ತನಗೆ ಕಾಣಬಾರದೋ, ಕೇಳಿದರೆ ಹೇಳುವುದಿಲ್ಲ.

ತೊಟ್ಟಿಯ ಗಾಜಿನ ಮೇಲೆ ಕೆಳಭಾಗದಲ್ಲಿ ಒಂದು ಸಣ್ಣ ದುಂಡು ಕಲೆ ಇದೆ. ನನ್ನ ಮೊಮ್ಮಗಳ ಮೂಗಿನ ಗುರುತು ಅದು. ಮುಂಜಾನೆ ಎದ್ದವಳೇ ಬಂದು ಅಲ್ಲಿ ಮೂಗು ಒತ್ತಿ ನಿಲ್ಲುತ್ತಾಳೆ. ಗೌರಮ್ಮ ಒರೆಸಲು ಬಂದರೆ ನಾನು ಬಟ್ಟೆ ಕಸಿದುಕೊಳ್ಳುತ್ತೇನೆ. ಶಾಲೆಯ ಕಾಗದಗಳಲ್ಲಿ ಅವಳ ಹೆಸರು ಸಿಂಚನಾ. ನನ್ನ ಬಾಯಲ್ಲಿ ಹಂಪವ್ವ, ನಮ್ಮ ಅವ್ವನ ಹೆಸರು. ಅವಳು ಎರಡೂ ಹೆಸರಿಗೆ ಓಗೊಡುತ್ತಾಳೆ, ಅಥವಾ ಎರಡಕ್ಕೂ ಓಗೊಡುವುದಿಲ್ಲ, ಎರಡೂ ಚೆಂದವೇ. ಅವಳ ಬಗ್ಗೆ ಹೊಗಳಿಕೊಳ್ಳಬಾರದು ಎಂದು ಮೊದಲೇ ನಿಶ್ಚಯ ಮಾಡಿ ಕೂತಿದ್ದೆ. ನೋಡಿದಿರಲ್ಲ, ಎಷ್ಟು ಹೊತ್ತು ತಡೆಯಿತು ಅಂತ.

ಈ ತೊಟ್ಟಿ ಮನೆಗೆ ಬಂದದ್ದು ಅದಿರಿನ ಕಾಲದಲ್ಲಿ. ಸಂಡೂರಿನ ಗುಡ್ಡಗಳಿಂದ ಲಾರಿಗಳು ಇರುವೆ ಸಾಲಿನಂತೆ ಇಳಿಯುತ್ತಿದ್ದವು. ಹಿತ್ತಿಲಲ್ಲಿ ಬೆಳಿಗ್ಗೆ ಒಣಹಾಕಿದ ಬಿಳಿ ಪಂಚೆ ಕೆಂಪು ಧೂಳು ಕೂತು ಸಂಜೆಗೆ ಕಾವಿಯಾಗುತ್ತಿತ್ತು. ನಮ್ಮ ಓಣಿಯಲ್ಲಿ ಆಗ ಎಲ್ಲರೂ ಸ್ವಾಮಿಗಳೇ. ದುಡ್ಡು ಬಂದವರು ಮನೆ ಕಟ್ಟಿದರು. ಒಬ್ಬರು ಅಂಗಳದಲ್ಲಿ ಕಾರಂಜಿ ಮಾಡಿಸಿದರು. ಇನ್ನೊಬ್ಬರು ಎರಡಂತಸ್ತಿನ ಮನೆಗೆ ಲಿಫ್ಟ್ ಹಾಕಿಸಿದರು, ಗೃಹಪ್ರವೇಶದ ದಿನವೇ ಕರೆಂಟ್ ಹೋಗಿ ಅವರ ಬೀಗರು ಊಟದ ಹೊತ್ತು ಮೀರುವ ತನಕ ಅದರೊಳಗೇ ಉಳಿದರು. ನನ್ನ ಮಗ ಪಂಪಾಪತಿಯೂ ಒಂದಿಷ್ಟು ಟಿಪ್ಪರ್ ಓಡಿಸುತ್ತಿದ್ದ. ಅದಿರು ಹಡಗಿಗೆ ಏರುವ ಬಂದರಿಗೆ ಹೋದವನು ಅಲ್ಲಿ ಯಾವುದೋ ದೊಡ್ಡ ಮನುಷ್ಯರ ಕಚೇರಿಯಲ್ಲಿ ಇಂಥ ತೊಟ್ಟಿ ನೋಡಿ ಬಂದ. ಹೊರದೇಶದಲ್ಲಿ ಸಾಕಿ ಬೆಳೆಸಿದ ಹವಳದ ತುಂಡುಗಳನ್ನು ಚೆನ್ನೈನ ಅಂಗಡಿಯಿಂದ ತರಿಸಿದ. ಕೆಲವು ದಿನ ಬಂದವರಿಗೆಲ್ಲ ತೋರಿಸಿದ. ಆಮೇಲೆ ಮರೆತ.

ಮರೆಯದೆ ನೋಡಿಕೊಂಡವಳು ಸೊಸೆ ಸುಜಾತಾ. ಕಂಪ್ಲಿಯ ಅಕ್ಕಿ ಗಿರಣಿಯವರ ಮಗಳು, ಬಳ್ಳಾರಿ ಕಾಲೇಜಿನಲ್ಲಿ ವಿಜ್ಞಾನ ಓದಿದವಳು. ನಮ್ಮ ಊರಿನ ಬೇಸಿಗೆಯಲ್ಲಿ ಮನುಷ್ಯರೇ ಬೆಂದುಹೋಗುವಾಗ ಆ ನೀರನ್ನು ತಣ್ಣಗಿಡುವ ಯಂತ್ರ, ಬೆಳಕು, ನೀರು ತಿರುಗಿಸುವ ಪಂಪು ಎಲ್ಲದಕ್ಕೂ ಅವಳ ಕೈಯೇ ಆಗಬೇಕು. ಕರೆಂಟ್ ಹೋದರೆ ಓಡಿ ಜನರೇಟರ್ ಹಾಕಬೇಕು. ಆ ಹವಳಗಳ ಹತ್ತಿರ ಅವಳು ಮಾತಾಡುವುದನ್ನು ನಾನು ಕದ್ದು ಕೇಳಿದ್ದೇನೆ. ನನ್ನ ಹತ್ತಿರ ಮಾತಾಡುವುದಕ್ಕಿಂತ ಮೆತ್ತಗೆ ಮಾತಾಡುತ್ತಿದ್ದಳು.

ಅವಳು ಚೊಚ್ಚಲ ಹೆರಿಗೆಗೆ ತವರಿಗೆ ಹೊರಟಾಗ ತೊಟ್ಟಿಯನ್ನು ಯಾರಿಗೆ ಒಪ್ಪಿಸುವುದು ಎಂಬ ಮಾತು ಬಂತು. ಪಂಪಾಪತಿ ಅಂಗಿ ಗುಂಡಿಯನ್ನು ನೋಡಿಕೊಳ್ಳುತ್ತ ನಿಂತ. ಗೌರಮ್ಮ ಅಡುಗೆ ಮನೆಗೆ ಹೋದಳು. ಉಳಿದವನು ನಾನು. ನಾನು ನೀರಗಂಟಿಯಾಗಿದ್ದವನು ನೋಡಿ. ಕಮಲಾಪುರದ ಕಡೆಯ ಹಳೇ ರಾಯರ ಕಾಲುವೆಯ ತೂಬು ಏರಿಸಿ ಇಳಿಸಿ, ಯಾರ ಗದ್ದೆಗೆ ಎಷ್ಟು ಹೊತ್ತು ನೀರು ಎಂದು ಬಿಟ್ಟು ಕಟ್ಟಿ ಬದುಕಿದವನು. ನಮ್ಮಪ್ಪನೂ ಅದೇ ಕೆಲಸದವನೇ. ನೀರು ನೋಡಿಕೊಳ್ಳುವುದು ನನಗೆ ಏನು ಮಹಾ ಎಂದೆ. ಆ ಮಾತನ್ನು ಆಮೇಲೆ ಮನೆಯವರು ಎಷ್ಟು ಸಲ ನನಗೇ ತಿರುಗಿಸಿ ಹೇಳಿದರು, ಲೆಕ್ಕವಿಲ್ಲ.

ನಮ್ಮ ಕಾಲುವೆಯಲ್ಲಿ ಒಂದು ಪದ್ಧತಿ ಇತ್ತು. ಪಾಳಿ ಮುಗಿಸಿ ಹೋಗುವವನು ಬಗ್ಗಿ ಬೊಗಸೆ ನೀರು ತೆಗೆದು ಬಂದವನ ಬೊಗಸೆಗೆ ಹುಯ್ದು, ‘ನೀರು ನಿನ್ನ ಕೈಯಾಗ ಐತಿ’ ಎನ್ನಬೇಕು. ಬಂದವನು ‘ಐತಿ’ ಎನ್ನಬೇಕು. ಆ ಐತಿ ಕಿವಿಗೆ ಬೀಳದ ಹೊರತು ಮನೆಗೆ ಬೆಂಕಿ ಬಿದ್ದರೂ ಹೋಗುವಂತಿಲ್ಲ. ಸುಜಾತಾಳಿಗೂ ಹೇಳಿಕೊಟ್ಟೆ. ತುಂಬಿದ ಬಸುರಿ, ಬಗ್ಗಲಾಗದೆ ಒಂದು ಲೋಟ ಮುಳುಗಿಸಿ ಸಮುದ್ರದ ನೀರನ್ನು ನನ್ನ ಬೊಗಸೆಗೆ ಹುಯ್ದಳು. “ನೀರು ನಿಮ್ಮ ಕೈಯಾಗ ಐತ್ರಿ ಮಾವಾರ,” ಎಂದಳು. ನಗುತ್ತಲೇ ಅಂದಳು, ಆದರೆ ಕಣ್ಣು ತೊಟ್ಟಿಯ ಮೇಲೇ ಇತ್ತು. “ಐತವ್ವಾ,” ಎಂದೆ.

ಈ ಐತಿಯಿಂದಲೇ ನನ್ನ ತೊಟ್ಟಿಲ ಶಾಸ್ತ್ರಕ್ಕೆ ನಮ್ಮಪ್ಪ ಬಂದಿರಲಿಲ್ಲ. ಪಾಳಿಗೆ ಬರಬೇಕಾದವನು ಬರಲಿಲ್ಲ, ಅಪ್ಪ ತೂಬು ಬಿಡಲಿಲ್ಲ. ಹೆಂಗಸರು ಜೋಗುಳ ಹಾಡಿ, ಹೆಸರಿಟ್ಟು, ಗುಗ್ಗರಿ ಹಂಚಿ ಮುಗಿಸಿದರು. ಅಪ್ಪನಿಗೆ ಮಗನ ಹೆಸರು ತಿಳಿದದ್ದು ಗದ್ದೆಗೆ ಹೊರಟಿದ್ದ ಯಾರದೋ ಬಾಯಿಂದ. ಅವ್ವ ಈ ಕತೆಯನ್ನು ಬದುಕಿರುವ ತನಕ ಹೇಳಿದಳು. ಅವಳಿಗೆ ಸಿಟ್ಟಿದ್ದ ದಿನ ಕತೆಯೊಳಗಿನ ಅಪ್ಪ ಅಲ್ಲಿ ಹೊಂಗೆ ನೆರಳಲ್ಲಿ ನಿದ್ದೆ ಹೊಡೆಯುತ್ತಿದ್ದ, ಸಿಟ್ಟಿಲ್ಲದ ದಿನ ಅಳುತ್ತ ಕೂತಿದ್ದ. ಅಪ್ಪ ಎರಡಕ್ಕೂ ತುಟಿ ಪಿಟಕ್ ಅನ್ನುತ್ತಿರಲಿಲ್ಲ. ನಾನು ಸಣ್ಣವನಿದ್ದಾಗ ತೂಬಿನ ಕೆಳಗೆ ಕಾಲು ಇಳಿಬಿಟ್ಟು, ಪಾದಕ್ಕೆ ಸಣ್ಣ ಮೀನುಗಳಿಂದ ಕಚಗುಳಿ ಇಡಿಸಿಕೊಳ್ಳುತ್ತ, ಇವರಿಬ್ಬರಲ್ಲಿ ಯಾರ ಕಡೆ ಸೇರುವುದು ಎಂದು ಯೋಚಿಸುತ್ತಿದ್ದೆ. ಕಾಲುವೆ ತಣ್ಣಗಿದ್ದುದರಿಂದ ಹೆಚ್ಚಾಗಿ ಅಪ್ಪನ ಕಡೆಗೇ ಸೇರುತ್ತಿದ್ದೆ.

ಕಂಪ್ಲಿಯಿಂದ ಫೋನು ಬಂತು. ಹೆಣ್ಣು ಕೂಸು, ತಾಯಿ ಮಗು ಆರಾಮ. ಆ ಹೊತ್ತಿನಿಂದ ನಾನು ಕೂತದ್ದು ನನಗೆ ನೆನಪಿಲ್ಲ. ಪಡಸಾಲೆಯಿಂದ ಹಿತ್ತಿಲಿಗೆ, ಹಿತ್ತಿಲಿಂದ ಕಟ್ಟೆಗೆ. ದಾರಿಯಲ್ಲಿ ಸಿಕ್ಕ ಸಿಕ್ಕವರಿಗೆ ಮೊಮ್ಮಗಳು ಹುಟ್ಟಿದಳು ಎಂದೆ. ಓಣಿ ಗೂಡಿಸುವ ಹೆಂಗಸಿಗೆ ಹೋಗುವಾಗ ಒಮ್ಮೆ, ಬರುವಾಗ ಒಮ್ಮೆ ಹೇಳಿದೆನಂತೆ. ಪಂಪಾಪತಿ ಗುಡ್ಡದಿಂದಲೇ ಕಂಪ್ಲಿಗೆ ಓಡಿದ. ಗೌರಮ್ಮ ಅಂಟಿನುಂಡೆ ಡಬ್ಬ ಹಿಡಿದು ಬಸ್ ಹತ್ತಿದಳು. ನಾನು ಸಮುದ್ರದ ಮುಂದೆ ಉಳಿದೆ. ಕಂಪ್ಲಿ ಏನು ದೂರವಲ್ಲ. ಆದರೆ ಆ ದಿನಗಳಲ್ಲಿ ಲಾರಿಗಳ ಸಾಲಿನಲ್ಲಿ ಸಿಕ್ಕರೆ ನಮ್ಮ ಊರು ದಾಟುವಷ್ಟರಲ್ಲೇ ಹೊತ್ತು ಇಳಿಯುತ್ತಿತ್ತು, ಕರೆಂಟು ಯಾವಾಗ ಹೋಗುತ್ತದೋ ಗೊತ್ತಿಲ್ಲ. ನೀರು ಬಿಸಿಯಾದರೆ, ನಿಂತರೆ, ಆ ಜೀವಗಳು ಅರ್ಧ ದಿನ ತಡೆಯುವುದಿಲ್ಲ ಎಂದು ಸುಜಾತಾ ಹೇಳಿ ಹೋಗಿದ್ದಳು.

ಗೌರಮ್ಮ ತಿರುಗಿ ಬಂದು ಚಪ್ಪಲಿ ಬಿಡುವ ಮೊದಲೇ ಕೇಳಿದೆ, ಕೂಸು ಯಾರ ಹಾಗಿದೆ ಎಂದು.

“ಬಣ್ಣ ಅವರವ್ವಂದು. ಮೂಗು ನಿಮ್ಮದಂತ್ರಿ, ಪಾಪ,” ಎಂದಳು. ನನಗೆ ಪಾಪ ಎಂಬುದು ಕೇಳಿಸಲೇ ಇಲ್ಲ. ನನ್ನ ಮೂಗು! ಕನ್ನಡಿಯ ಮುಂದೆ ಹೋಗಿ ನಿಂತು ಇಷ್ಟು ವರ್ಷ ಸರಿಯಾಗಿ ನೋಡದೆ ಬಿಟ್ಟ ಆ ಮೂಗನ್ನು ಈ ಕಡೆಯಿಂದ ಆ ಕಡೆಯಿಂದ ನೋಡಿದೆ. ಹೋಗಿಯೇ ಬಿಡುತ್ತೇನೆ ಎಂದು ಹೊರಟೆ. ಅವಳು ಹಿಂದಿನಿಂದ, ಹೋಗುವುದಾದರೆ ಹೋಗಿ, ಆದರೆ ಆ ಜನರೇಟರ್ ಮುಟ್ಟು ಅಂತ ಮಾತ್ರ ತನಗೆ ಹೇಳಬೇಡಿ ಎಂದಳು. ಆದರೂ ಬಸ್ ಹತ್ತಿದೆ. ಕಮಲಾಪುರದಲ್ಲಿ ಬಸ್ ನಿಂತಾಗ ಚಹಾ ಅಂಗಡಿಯ ಫ್ಯಾನು ತಿರುಗುತ್ತ ತಿರುಗುತ್ತ ನಿಧಾನವಾಗಿ ನಿಂತಿತು. ಕರೆಂಟ್ ಹೋಯಿತು! ಇಲ್ಲಿ ಹೋದರೆ ಅಲ್ಲಿಯೂ ಹೋಗಿರಲೇಬೇಕು. ಇಳಿದು, ಎದುರಿಗೆ ಬಂದ ಟೆಂಪೋ ಹಿಡಿದು, ಬೆವರು ಸುರಿಸುತ್ತ ಮನೆಗೆ ಓಡಿ ಬಂದರೆ ದೀಪ ಉರಿಯುತ್ತಿತ್ತು, ಪಂಪು ತಿರುಗುತ್ತಿತ್ತು. ಎರಡೂ ಮೀನು ಗಾಜಿನ ಹತ್ತಿರ ಬಂದು ಯಾಕೆ ಬಂದೆ ಎಂಬಂತೆ ನೋಡಿದವು. ಚಹಾ ಅಂಗಡಿಯವನು ಫ್ಯಾನು ಆರಿಸಿದ್ದನೋ ಏನೋ, ಕೇಳುವ ಬುದ್ಧಿ ಯಾರಿಗಿತ್ತು?

“ನೀವು ಮೀನಿಗೆ ಬಾಣಂತನ ಮಾಡ್ಕೋತ ಇಲ್ಲೇ ಕುಂದರ್ರಿ,” ಎಂದು ಗೌರಮ್ಮ ಮಾರನೇ ದಿನ ಮತ್ತೆ ಬಸ್ ಹತ್ತಿದಳು.

ಆ ಬಾಣಂತನವಾದರೂ ಸರಿಯಾಗಿತ್ತೇ? ಉಪ್ಪು ಅಳೆಯಲು ಸುಜಾತಾ ಒಂದು ಪ್ಲಾಸ್ಟಿಕ್ ಲೋಟ ಕೊಟ್ಟು ಹೋಗಿದ್ದಳು. ಅದಕ್ಕೆ ತೊಟ್ಟಿಯ ನೀರು ತುಂಬಿದರೆ ಒಳಗಿನ ಮುಳ್ಳು ಉಪ್ಪಿದ್ದಷ್ಟು ಮೇಲೇರಿ ನಿಲ್ಲುತ್ತದೆ. ನಮ್ಮ ಬಿಸಿಲಿಗೆ ನೀರು ಆವಿಯಾಗಿ ದಿನಾ ಇಳಿಯುತ್ತಿತ್ತು. ಇಳಿದಷ್ಟು ನೀರು ಹಾಕಿ ಎಂದಿದ್ದಳು. ನೀರು ಎಂದರೆ ಇನ್ನೇನು, ಸಮುದ್ರದಿಂದ ಇಳಿದದ್ದು ಸಮುದ್ರದ ನೀರು ತಾನೇ? ನಾನು ಚೆನ್ನೈನಿಂದ ಬಂದ ಉಪ್ಪನ್ನು ಬಕೆಟ್ಟಿನಲ್ಲಿ ಕಲಸಿ ಕಲಸಿ ಹುಯ್ದೆ. ಮುಳ್ಳು ದಿನದಿನಕ್ಕೆ ಮೇಲೇರಿತು. ನನಗೆ ಹಿಗ್ಗು. ಹೊಸಪೇಟೆಯವರಿಗೆ ಇದು ಹುಟ್ಟಿನಿಂದ ಅಂಟಿದ ಗುಣ: ಮಳೆಗಾಲದಲ್ಲಿ ಡ್ಯಾಮಿನ ಮಟ್ಟ ಏರಿತು ಎಂದು ಪೇಪರಿನಲ್ಲಿ ಬಂದರೆ ಗದ್ದೆ ಇಲ್ಲದವನೂ ಚಹಾ ಕೊಡಿಸುತ್ತಾನೆ. ಏರುವುದೆಲ್ಲ ಒಳ್ಳೆಯದೇ ಎಂದು ನಂಬಿದ ಜನ ನಾವು. ಬಾಣಂತಿ ಫೋನು ಹಿಡಿಯುವಷ್ಟು ಚೇತರಿಸಿಕೊಂಡು ಮುಳ್ಳು ಎಲ್ಲಿದೆ ಎಂದು ಕೇಳಿದಾಗ ಎದೆಯುಬ್ಬಿಸಿ ಹೇಳಿದೆ: “ಇವತ್ತು ಮತ್ತ ಏರೈತವ್ವಾ!”

ಆ ಕಡೆ ಕೂಸು ಕುಂಯ್ ಎಂದಿತು. ಅದರ ದನಿ ನನ್ನ ಕಿವಿಗೆ ಬಿದ್ದದ್ದು ಅದೇ ಮೊದಲು, ಆದ್ದರಿಂದ ಸುಜಾತಾ ಆಮೇಲೆ ಹೇಳಿದ್ದು ಅರ್ಧ ಕೇಳಿಸಲಿಲ್ಲ. ಹವಳಗಳು ಹೇಗಿವೆ ಎಂದಳು. ಹೋಗಿ ನೋಡಿದೆ. ಮುದುಡಿದ್ದವು, ಬಾಡಿದ ಸೊಪ್ಪಿನಂತೆ. ಆವಿಯಾಗುವುದು ಬರೀ ನೀರು, ಉಪ್ಪು ಅಲ್ಲೇ ಉಳಿಯುತ್ತದೆ ಮಾವಾರ ಎಂದು ಅವಳು ಮೆಲ್ಲಗೆ ಹೇಳಿದಾಗ ನನ್ನ ಹಣೆ ನಾನೇ ಬಡಿದುಕೊಂಡೆ. ಕಂಪ್ಲಿ ಕಡೆ ಎಷ್ಟು ಗದ್ದೆಗಳು ಹೀಗೇ ಸವಳು ಹತ್ತಿ ಬೆಳ್ಳಗಾಗುವುದನ್ನು ನೋಡಿಲ್ಲ ನಾನು? ಕಾಲುವೆ ನೀರು ಅತಿಯಾಗಿ ನಿಲ್ಲಿಸಬೇಡಿ, ನೀರು ಹಾರಿ ಉಪ್ಪು ಉಳಿಯುತ್ತದೆ ಎಂದು ಎಷ್ಟು ರೈತರಿಗೆ ಬೈದಿಲ್ಲ? ನಾನು ಪಡಸಾಲೆಯಲ್ಲಿ ಕೂತು ಸಮುದ್ರಕ್ಕೇ ಸವಳು ಹತ್ತಿಸಿದ್ದೆ.

ಸಿಹಿನೀರು ಸ್ವಲ್ಪ ಸ್ವಲ್ಪವೇ ಬೆರೆಸುತ್ತ ಬಂದ ಮೇಲೆ ಮುಳ್ಳು ಇಳಿಯಿತು, ಹವಳಗಳು ಮನಸ್ಸಿಲ್ಲದ ಮನಸ್ಸಿನಿಂದ ಅರಳಿದವು. ಸುಜಾತಾ ಗಂಡನಿಗೆ ಫೋನು ಮಾಡಿ, ಇದನ್ನೆಲ್ಲ ತಾನೇ ನೋಡಿಕೊಳ್ಳುವ ಯಂತ್ರ ಬಂದಿದೆಯಂತೆ, ಒಂದು ತರಿಸಿ ಎಂದಳು. ನನಗೆ ಒಂದು ಗಳಿಗೆ ಚುಚ್ಚಿತು. ಮರುಗಳಿಗೆಗೆ ತಿಳಿಯಿತು: ಯಂತ್ರ ಬಂದರೆ ನಾನು ಕಂಪ್ಲಿಗೆ ಹೋಗಬಹುದು! ಕೂಸಿನ ತೊಟ್ಟಿಲ ಶಾಸ್ತ್ರಕ್ಕೆ ಇನ್ನೂ ಸ್ವಲ್ಪ ದಿನ ಇತ್ತು. ಕೆಲಸ ಹೋಗುತ್ತದೆ ಎಂದು ಇಷ್ಟು ಖುಷಿಪಟ್ಟ ನೀರಗಂಟಿ ಇನ್ನೊಬ್ಬನಿರಲಿಕ್ಕಿಲ್ಲ.

ಬೆಂಗಳೂರಿನಿಂದ ಒಬ್ಬ ಟೈ ಕಟ್ಟಿದ ಮನುಷ್ಯ ಬಂದ. ಲ್ಯಾಪ್‌ಟಾಪ್ ತೆರೆದು ಒಂದು ಯಂತ್ರದ ಚಿತ್ರ ತೋರಿಸಿದ. ಬೆಳಕು, ಬಿಸಿ, ಉಪ್ಪು, ನೀರಿನ ಮಟ್ಟ ಎಲ್ಲವನ್ನೂ ಇಂಟರ್ನೆಟ್ಟಿನಲ್ಲಿ ಜಗತ್ತಿನ ಯಾವ ಮೂಲೆಯಿಂದಲೂ ನೋಡಬಹುದಂತೆ. ಪಂಪಾಪತಿಯ ಮುಖ ಅರಳಿತು. ನಾನು ಕೇಳಿದ್ದು ಒಂದೇ ಮಾತು.

“ಕರೆಂಟ್ ಹೋದ್ರ ಅದು ಯಾರಿಗೆ ಹೇಳ್ತೈತ್ರಿ?”

“ನೆಟ್‌ನಲ್ಲಿ ಮೆಸೇಜ್ ಬರುತ್ತೆ ಸಾರ್.”

ಕರೆಂಟ್ ಹೋದ ಮನೆಯಲ್ಲಿ ನೆಟ್ ಎಲ್ಲಿಂದ ಬರುತ್ತದೆ ಎಂದು ಮತ್ತೆ ಕೇಳಿದೆ. ಅವನು ಚಹಾ ಕುಡಿಯತೊಡಗಿದ. ಇನ್ನೊಂದು ಯಂತ್ರ ಇತ್ತು, ಅಮೆರಿಕದಿಂದ ಬರುವುದು. ಅದು ಹುಣ್ಣಿಮೆ ಅಮಾವಾಸ್ಯೆ ಲೆಕ್ಕ ಇಟ್ಟು ತೊಟ್ಟಿಗೆ ಬೆಳದಿಂಗಳು ಬಿಡುತ್ತದಂತೆ. ಇದಕ್ಕೆ ನಾನು ಸೋತೇ ಹೋಗಿದ್ದೆ. ಬಾಗಿಲ ಮರೆಯಿಂದ ಗೌರಮ್ಮ, ಶಿವರಾತ್ರಿ ಗೊತ್ತೈತೇನು ಕೇಳ್ರಿ ಅದಕ್ಕ ಎಂದಳು. ಕರೆಂಟ್ ಹೋದರೆ ಅದೂ ಬಾಯಿ ಮುಚ್ಚುತ್ತದೆ, ಬಂದಾಗ ತಾನೇ ಶುರುವಾಗುತ್ತದೆ. ನಡುವೆ ಏನಾಯಿತು ಎಂದು ಯಾರಿಗೂ ಹೇಳುವುದಿಲ್ಲ. ಇಂಥವರು ನಮ್ಮ ಕಾಲುವೆಯಲ್ಲೂ ಇದ್ದರು. ಬೇಡ ಎಂದೆ.

ಎಲ್ಲರಿಗಿಂತ ಆತುರ ನನಗೆ, ಬೇಡ ಎನ್ನುವವನೂ ನಾನೇ. ಪಂಪಾಪತಿ ತಲೆ ಕೆರೆದುಕೊಂಡ. ದಿನ ಹತ್ತಿರ ಬರುತ್ತಿತ್ತು. ನನಗೆ ಊಟ ಸೇರದಾಯಿತು. ಕಡೆಗೆ ಉಪ್ಪು ಕಳಿಸುವ ಚೆನ್ನೈ ಅಂಗಡಿಯವನಿಗೆ ನಾನೇ ಫೋನು ಮಾಡಿ, ಇಬ್ಬರಿಗೂ ಬರುವಷ್ಟು ತೆಲುಗಿನಲ್ಲಿ ನನ್ನ ಗೋಳು ತೋಡಿಕೊಂಡೆ. ಅವನೂ ಮೊಮ್ಮಕ್ಕಳಿದ್ದವನಿರಬೇಕು. ತನ್ನ ಅಳಿಯ ಮಾಡುವ ಒಂದು ತಗಡಿನ ಡಬ್ಬಿ ಇದೆ ಎಂದ. ನೀರು ಇಳಿದರೆ ಸಿಹಿನೀರು ಬಿಡುತ್ತದೆ, ಬಿಸಿಯಾದರೆ ತಣ್ಣಗೆ ಮಾಡುವ ಯಂತ್ರ ಹಾಕುತ್ತದೆ, ಕರೆಂಟ್ ಹೋದರೆ ತನ್ನ ಬ್ಯಾಟರಿಯಿಂದ ಪಂಪು ಓಡಿಸುತ್ತದೆ. ಒಳಗೆ ಮೊಬೈಲಿನ ಸಿಮ್ ಇದೆ. ನಾವು ಫೋನು ಮಾಡಿದರೆ ಕಟ್ ಮಾಡುತ್ತದೆ. ಎಲ್ಲ ಸರಿ ಇದ್ದರೆ ತಿರುಗಿ ಒಂದು ಮಿಸ್ಡ್ ಕಾಲ್ ಕೊಡುತ್ತದೆ. ತನ್ನ ಕೈ ಮೀರಿದರೆ ಮಾತ್ರ ನಾವು ಎತ್ತುವ ತನಕ ಬಡಿದುಕೊಳ್ಳುತ್ತದೆ.

ನಾನು ಫೋನು ಹಿಡಿದೇ ಎದ್ದು ನಿಂತೆ. ಕೇಳಿದರೆ ‘ಐತಿ’ ಎನ್ನುವ ಯಂತ್ರ!

“ಅಪ್ಪಾ, ಅದು ಹಾಲಿನ ಕ್ಯಾನ್ ಇದ್ದಂಗ ಐತಿ. ಬಂದ ಮಂದಿ ನಗ್ತಾರ,” ಎಂದ ಪಂಪಾಪತಿ, ಡಬ್ಬಿ ಬಸ್ ಪಾರ್ಸಲ್ಲಿನಲ್ಲಿ ಬಂದ ದಿನ.

“ನಗ್ಲಿ ಬಿಡು. ನಗೋ ಮಂದಿ ಬೇಕಾದಾಗ ಕಂಪ್ಲಿಗೆ ಹೋಗಿ ಬರ್ತಾರ. ನಾ ಇಲ್ಲೇ ಕುಂತೀನಿ.”

ಮೇನ್ ಸ್ವಿಚ್ಚಿನ ಹತ್ತಿರ ಪಂಪಾಪತಿಯನ್ನೇ ನಿಲ್ಲಿಸಿ ಆರಿಸು, ಹಚ್ಚು, ಆರಿಸು ಎಂದು ಎಷ್ಟು ಪರೀಕ್ಷೆ ಮಾಡಿದೆನೆಂದರೆ ಕೊನೆಗೆ ಮನೆಯ ಒಂದು ಟ್ಯೂಬ್‌ಲೈಟೇ ಸುಟ್ಟುಹೋಯಿತು. ಡಬ್ಬಿ ಒಂದು ಸಲವೂ ತಪ್ಪಲಿಲ್ಲ.

ತೊಟ್ಟಿಲ ದಿನ ಎಲ್ಲರೂ ಜೀಪಿನಲ್ಲಿ ಕೂತು ಹಾರನ್ ಹೊಡೆಯುತ್ತಿದ್ದರು. ನಾನು ಒಳಗೆ ನಿಂತು, ಯಾರೂ ನೋಡುತ್ತಿಲ್ಲ ಎಂದು ಖಾತ್ರಿ ಮಾಡಿಕೊಂಡು, ಬೊಗಸೆ ನೀರು ತೆಗೆದು ತೊಟ್ಟಿಗೇ ಬಿಟ್ಟು, “ನೀರು ನಿನ್ನ ಕೈಯಾಗ ಐತಿ,” ಎಂದು ತಗಡಿನ ಡಬ್ಬಿಗೆ ಹೇಳಿದೆ. ಫೋನು ಮಾಡಿದೆ. ಕಟ್ ಆಯಿತು. ಗುರ್ ಎಂದಿತು. ಹೊರಟೆ. ಊರು ದಾಟುವಾಗ ಒಂದು ಸಲ ಮಾಡಿದೆ, ಬಂತು. ಕಮಲಾಪುರದಲ್ಲಿ ಮಾಡಿದೆ, ಬಂತು. ಅದಕ್ಕೂ ಸಾಕಾಗಿರಬೇಕು ಬಿಡ್ರಿ ಎಂದಳು ಗೌರಮ್ಮ.

ಕಂಪ್ಲಿಯಲ್ಲಿ ಬೀಗರ ಮನೆ ತುಂಬ ಜನ. ಒಳಗೆ ಹೆಂಗಸರು ತೊಟ್ಟಿಲ ಸುತ್ತ ಸೇರಿದ್ದರು, ಗಂಡಸರಿಗೆ ಗಿರಣಿಯ ಅಂಗಳದಲ್ಲಿ ಕುರ್ಚಿ. ಒಳಗಿಂದ ಕರೆಯುವ ತನಕ ಕೂಸು ನೋಡುವಂತಿಲ್ಲ. ಸುಮ್ಮನೆ ಕೂರಲಾಗದೆ ಫೋನು ಮಾಡಿದೆ. ಕಟ್ ಆಯಿತು. ತಿರುಗಿ ಬರಲಿಲ್ಲ. ಮತ್ತೆ ಮಾಡಿದೆ. ಏನೂ ಇಲ್ಲ. ಎದ್ದೆ. ಒಣಹಾಕಿದ ಭತ್ತದ ರಾಶಿಯ ಸುತ್ತ ಸಿಗ್ನಲ್ಲಿಗಾಗಿ ಫೋನು ಎತ್ತಿ ಹಿಡಿದು ಪ್ರದಕ್ಷಿಣೆ ಹಾಕಿದೆ. ಬೀಗರು ಮಂಡಾಳು ಒಗ್ಗರಣೆಯ ತಟ್ಟೆ ಹಿಡಿದು ಹಿಂದೆ ಹಿಂದೆ ಬಂದರು, ತಿನ್ನದೆ ಇನ್ನೊಂದು ಸುತ್ತು ಹಾಕಿದೆ. ಒಳಗೆ ಜೋಗುಳ ಶುರುವಾಯಿತು. ಜೀಪಿನ ಚಾಲಕ ಎಲ್ಲಿದ್ದಾನೆ ಎಂದು ನನ್ನ ಕಣ್ಣು ತಾನಾಗಿಯೇ ಹುಡುಕುತ್ತಿತ್ತು. ನಮ್ಮಪ್ಪ ಆ ದಿನ ಹೊಂಗೆ ನೆರಳಲ್ಲಿ ನಿದ್ದೆ ಹೊಡೆಯಲಿಲ್ಲ, ಕೂತು ಅಳಲೂ ಇಲ್ಲ ಎಂದು ನನಗೆ ಆಗ ಗೊತ್ತಾಯಿತು. ಹೀಗೇ ತಿರುಗಿರಬೇಕು, ತೂಬಿನ ಸುತ್ತ.

ಗೇಟಿನ ಹತ್ತಿರ ಹೋಗಿಬಿಟ್ಟಿದ್ದೆ. “ಮಾವಾರ,” ಎಂದು ಕರೆದದ್ದು ಕೇಳಿಸಿತು.

ತಿರುಗಿದರೆ ಹೊಸ್ತಿಲಲ್ಲಿ ಸುಜಾತಾ, ತಲೆಗೆ ಬಿಗಿಯಾಗಿ ಬಟ್ಟೆ ಕಟ್ಟಿಕೊಂಡು. ಕೈಯಲ್ಲಿ ಬಿಳಿ ಗಂಟು. ನಾನು ಹತ್ತಿರ ಹೋಗಿ, ಡಬ್ಬಿ ಉತ್ತರ ಕೊಡುತ್ತಿಲ್ಲವ್ವಾ, ನಿನ್ನ ಹವಳ ಎಂದು ಏನೇನೋ ಶುರುಮಾಡಿದೆ.

“ಫೋನ್ ಜೇಬಿಗೆ ಇಡ್ರಿ ಮೊದ್ಲು.”

ಇಟ್ಟೆ. ಕೈ ಚಾಚಿ ಎಂದು ಅವಳು ಹೇಳಲಿಲ್ಲ. ಅಭ್ಯಾಸಬಲದಿಂದ ಬೊಗಸೆ ತಾನೇ ಮುಂದೆ ಬಂತು. ಅದರಲ್ಲಿ ಗಂಟನ್ನು ಇಟ್ಟಳು. ಬೆಚ್ಚಗಿತ್ತು, ನೀರಿಗಿಂತ ಒಂಚೂರೇ ಹೆಚ್ಚು ಭಾರವಿತ್ತು. ಒಳಗೆ ಕೆಂಪಗೆ ಒಂದು ಮುಖ, ಮುಖದ ನಡುವೆ ನನ್ನ ಮೂಗು, ನನ್ನ ಮುಖದಲ್ಲಿ ಎಂದೂ ಇಲ್ಲದಷ್ಟು ಚೆಂದವಾಗಿ.

“ಕೂಸು ನಿಮ್ಮ ಕೈಯಾಗ ಐತ್ರಿ ಮಾವಾರ,” ಎಂದಳು. ಈ ಸಲ ನಗಲಿಲ್ಲ.

ಜೇಬಿನೊಳಗೆ ಮೊಬೈಲು ಒಂದೇ ಒಂದು ಸಲ ಗುರ್ ಎಂದು ಸುಮ್ಮನಾಯಿತು. ತೆಗೆದು ನೋಡಲು ಕೈ ಖಾಲಿ ಇರಲಿಲ್ಲ.

“ಐತವ್ವಾ,” ಎಂದೆ. ದನಿ ಹೊರಗೆ ಬಂತೋ ಇಲ್ಲವೋ ತಿಳಿಯದೆ ಇನ್ನೊಮ್ಮೆ ಅಂದೆ. ಆಮೇಲೆ ಪಂಕ್ತಿ ಎದ್ದು ಇನ್ನೊಂದು ಪಂಕ್ತಿ ಕೂರುವ ತನಕ ನಾನು ಆ ಹೊಸ್ತಿಲಲ್ಲಿ ನಿಂತೇ ಇದ್ದೆನಂತೆ. ಎಲ್ಲರೂ ನನ್ನನ್ನು ದಾಟಿಕೊಂಡು ಒಳಗೂ ಹೊರಗೂ ಓಡಾಡಿದರಂತೆ. ಗೌರಮ್ಮ ಇವತ್ತಿಗೂ ಹೇಳುತ್ತಾಳೆ, ಈ ಮನುಷ್ಯನ ಕಾಲು ಅಲ್ಲಾಡದೆ ನಿಂತದ್ದನ್ನು ತಾನು ನೋಡಿದ್ದು ಅದೊಂದೇ ಸಲ ಎಂದು.